ಸಂಧಿವಾತ: ಕೀಲಿನಿಂದ ಸ್ನಾಯುವಿನತ್ತ

ಆಟೋ ಹತ್ತಿ ಇಳಿಯಲು ಆಗುತ್ತದೆಯೇ? ಚಕ್ಕಳಮಕ್ಕಳ ಹಾಕಿ ಕೂರಲು? ನಲ್ಲಿ ತಿರುಗಿಸಲು, ಸೀರೆ ಉಡಲು, ತರಕಾರಿ ಮಾರ್ಕೆಟ್‌ಗೆ ಹೋಗಿ ಬರಲು? ರುಮಟಾಯ್ಡ್ ಸಂಧಿವಾತ ಇರುವವರಿಗೆ ಕೇಳುವ 12 ಪ್ರಶ್ನೆಗಳ ಈ ಪಟ್ಟಿಯನ್ನು ಭಾರತದ ವೈದ್ಯರಾದ ಅಶೋಕ್ ಕುಮಾರ್, ಎ.ಎನ್. ಮಾಳವೀಯ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ಅದಕ್ಕೆ ಮೂಲ, ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಫ್ರೈಸ್ 1980ರಲ್ಲಿ ಹೊರತಂದ ಪ್ರಶ್ನಾವಳಿ. ಫ್ರೈಸ್ ಪಟ್ಟಿಯಲ್ಲಿ ಆಟೋ ಇಲ್ಲ, ಚಕ್ಕಳಮಕ್ಕಳವೂ ಇಲ್ಲ. ಬೆಂಗಳೂರಿನ ರಸೆಲ್ ಮಾರ್ಕೆಟ್‌ನ ನೂಕುನುಗ್ಗಲಿನಲ್ಲಿ ಚೀಲ ಹಿಡಿದು ನಡೆಯುವವರಿಗೆ ನಮ್ಮ ಪಟ್ಟಿಯೇ ಸರಿ.

ಉತ್ತರ ‘ಆಗಲ್ಲ’ ಎಂದು ಬಂದರೆ ತಪ್ಪು ಕೀಲಿನದೇ ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. ಊದಿದ ಕೀಲಿನ ಸುತ್ತ ಮಾಂಸಖಂಡ ಕರಗುವುದನ್ನು ಲಂಡನ್ನಿನ ಜೇಮ್ಸ್ ಪ್ಯಾಜೆಟ್ 1873ರಲ್ಲೇ ಬರೆದಿದ್ದರು. ಆದರೂ ಪಟ್ಟಿ ಕಟ್ಟಿ ಮಲಗಿಸುವ ಚಿಕಿತ್ಸೆ ನೂರು ವರ್ಷ ನಡೆಯಿತು. 1970ರ ದಶಕದಲ್ಲಿ ಸ್ವೀಡನ್ನಿನ ಎಕ್‌ಬ್ಲೊಮ್, ನಾರ್ಡೆಮಾರ್ ಮೊದಲಾದವರು ರೋಗಿಗಳಿಂದ ವ್ಯಾಯಾಮ ಮಾಡಿಸಿದ ಮೇಲೆ, ಅದರಿಂದ ಕೀಲು ಕೆಟ್ಟೀತೆಂಬ ಹೆದರಿಕೆ ಸಡಿಲವಾಯಿತು.

ದೊಡ್ಡ ತಿರುವು 1994ರದು. ಬಾಸ್ಟನ್ನಿನ ರೋನೆನ್ ರೂಬೆನಾಫ್ ತಂಡ, ರೋಗಿಗಳ ಮೈಯ ಜೀವಕೋಶರಾಶಿ ಆರೋಗ್ಯವಂತರಿಗಿಂತ ಸರಾಸರಿ ಶೇ. 13ರಷ್ಟು ಕಡಿಮೆ ಇರುವುದನ್ನು ತೋರಿಸಿತು. ಆ ರಾಶಿಯ ಬಹುಪಾಲು ಸ್ನಾಯುವೇ. ಅಳೆದ ಬಗೆ ಸೊಗಸಾಗಿದೆ: ಮೈಯ ಪೊಟ್ಯಾಸಿಯಂ ಹೆಚ್ಚೂಕಡಿಮೆ ಎಲ್ಲವೂ ಜೀವಕೋಶದೊಳಗೇ ಇರುತ್ತದೆ, ಅದರ ಒಂದು ಅಲ್ಪ ಪಾಲು ಸಹಜವಾಗಿಯೇ ವಿಕಿರಣ ಸೂಸುತ್ತದೆ. ಅದನ್ನು ಎಣಿಸಿದರೆ ಲೆಕ್ಕ ಸಿಕ್ಕಿತು. ಟಿಎನ್‌ಎಫ್, ಐಎಲ್-1ನಂಥ ಉರಿಯೂತದ ರಾಸಾಯನಿಕಗಳು ಸ್ನಾಯುವನ್ನು ಕರಗಿಸುತ್ತವೆ, ಆ ಜಾಗಕ್ಕೆ ಕೊಬ್ಬು ಬಂದು ಸೇರುತ್ತದೆ. ಹಾಗಾಗಿ ತೂಕದ ಯಂತ್ರ ಏನನ್ನೂ ಹೇಳುವುದಿಲ್ಲ.

ಅಂಥದೇ ಪೊಟ್ಯಾಸಿಯಂ ಎಣಿಕೆಯ ವ್ಯವಸ್ಥೆಯನ್ನು ಕೋರಮಂಗಲದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಅನುರಾ ಕುರ್ಪಾಡ್ ಬಳಗ ಕಟ್ಟಿದೆ, ಪೋಷಣೆಯ ಅಧ್ಯಯನಕ್ಕೆಂದು. ಭಾರತೀಯರ ಮೈಯಲ್ಲಿ ಸ್ನಾಯು ಮೊದಲೇ ಕಡಿಮೆ, ಕೊಬ್ಬು ಜಾಸ್ತಿ. ಅದರ ಮೇಲೆ ಈ ಕಾಯಿಲೆಯೂ ಬಂದರೆ ಉಳಿಯುವುದೆಷ್ಟು ಎಂದು ಕೇಳಲು ಬೆಂಗಳೂರಿಗಿಂತ ಒಳ್ಳೆಯ ಊರು ಸಿಗದು.

ಸ್ನಾಯು ಎಷ್ಟಿದೆ ಎನ್ನುವುದರಿಂದ ಹೇಗಿದೆ ಎನ್ನುವುದಕ್ಕೆ ಚರ್ಚೆ ಹೊರಳಿದಾಗ ಒಮ್ಮತ ಮುರಿಯಿತು. ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ, ಕಾಯಿಲೆ ಹತೋಟಿಯಲ್ಲಿದ್ದವರಲ್ಲಿ ಸ್ನಾಯು ಕಡಿಮೆಯಾದರೂ ಉಳಿದ ಸ್ನಾಯುವಿನ ಕಸುವು ಕೆಟ್ಟಿಲ್ಲ ಎಂದಿತು. 2012ರಲ್ಲಿ ಅಮೆರಿಕದವರು ತೊಡೆಯ ಸಿ.ಟಿ. ಸ್ಕ್ಯಾನ್ ನೋಡಿ, ಸ್ನಾಯುವಿನೊಳಗೆ ಕೊಬ್ಬು ಹೊಕ್ಕು ಸಾಂದ್ರತೆ ಇಳಿದವರ ಓಡಾಟವೂ ಕುಂದಿದೆ ಎಂದರು. ನನಗೆ ಎರಡೂ ನಿಜವೆನಿಸುತ್ತದೆ. ಅಳೆದದ್ದು ಬೇರೆ ಬೇರೆ, ರೋಗಿಗಳೂ ಬೇರೆ.

ಔಷಧಿ ಸರಿಹೋದರೆ ಸ್ನಾಯುವೂ ಸರಿಹೋದೀತು ಎಂಬ ಆಸೆ ಇತ್ತು. ಕಾಯಿಲೆಯನ್ನು ಬಿಗಿಯಾಗಿ ಹತೋಟಿಗೆ ತಂದರೂ ಸ್ನಾಯುವಾಗಲಿ ಓಡಾಟವಾಗಲಿ ಸುಧಾರಿಸುವುದಿಲ್ಲ ಎಂದು ಬ್ಯಾಂಗರ್‌ನ ಆಂಡ್ರ್ಯೂ ಲೆಮ್ಮಿ ತಂಡ 2016ರಲ್ಲಿ ಬರೆಯಿತು. ರಕ್ತಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಇಎಸ್‌ಆರ್ ಇಳಿದರೆ ಸಾಕೆನ್ನುವ ಓಪಿಡಿಗೆ ಇದು ಮುಜುಗರದ ಸುದ್ದಿ. ಸ್ನಾಯುವಿನ ಕಸುವಿನ ಪರೀಕ್ಷೆಗೇನೂ ಖರ್ಚಿಲ್ಲ. ಹಿಡಿತ ಅಳೆಯುವ ಯಂತ್ರ ಇಲ್ಲದಿದ್ದರೆ ಬಿ.ಪಿ. ಪಟ್ಟಿಯನ್ನು ಸುರುಳಿ ಸುತ್ತಿ, ಸ್ವಲ್ಪ ಗಾಳಿ ತುಂಬಿ, ‘ಹಿಂಡಮ್ಮಾ’ ಎಂದರೆ ಪಾದರಸ ಎಷ್ಟು ಏರಿತೆಂದು ಕಾಣುತ್ತದೆ, ಹಳಬರ ಉಪಾಯವಿದು. ಏಷ್ಯಾದ ತಜ್ಞರ 2019ರ ಸೂತ್ರದಂತೆ ಯಂತ್ರದಲ್ಲಿ ಹೆಂಗಸರ ಹಿಡಿತ 18 ಕಿಲೋಗಿಂತ, ಗಂಡಸರದು 28 ಕಿಲೋಗಿಂತ ಕಡಿಮೆಯಿದ್ದರೆ, ಅಥವಾ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಹಿಡಿದರೆ, ಸ್ನಾಯುವಿನ ಕಡೆ ಗಮನ ಕೊಡಬೇಕು.

ಮದ್ದು ಭಾರ ಎತ್ತುವ ವ್ಯಾಯಾಮವೇ. ಲೆಮ್ಮಿ 2009ರಲ್ಲಿ 24 ವಾರ, ವಾರಕ್ಕೆ ಎರಡು ಸಲ ಮಾಡಿಸಿ ಸ್ನಾಯು ಬೆಳೆಸಿದರು. ಬಿಟ್ಟವರನ್ನು ಮೂರು ವರ್ಷದ ನಂತರ ನೋಡಿದಾಗ ಗಳಿಸಿದ ಸ್ನಾಯು ಹೋಗಿತ್ತು. ಅಂದರೆ ಬಿಡುವಂತಿಲ್ಲ. ಕೆ.ಆರ್. ಪುರದಿಂದ ಶಿವಾಜಿನಗರದ ಆಸ್ಪತ್ರೆಗೆ ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಬರುವ ಹೆಂಗಸಿಗೆ 2023ರಿಂದ ಸರ್ಕಾರಿ ಬಸ್ಸಿನ ಟಿಕೆಟ್ಟೇನೋ ಉಚಿತ. ಹತ್ತಬೇಕಾದ ಫುಟ್‌ಬೋರ್ಡ್ ಮಾತ್ರ ಮೊದಲಿನಷ್ಟೇ ಎತ್ತರ.