ಟಪಾಲು ಕೇಂದ್ರಗಳ ಅಪಾಯ ಮತ್ತು 1767ನೆಯ ನಮೂನೆ

1970ರ ಮಾರ್ಚ್ 18ರಂದು ನ್ಯೂಯಾರ್ಕಿನ ಅಂಚೆ ನೌಕರರು, ಸರ್ಕಾರಿ ಸೇವಕರ ಮುಷ್ಕರ ಕಾನೂನಿಗೆ ವಿರುದ್ಧವೆಂಬುದನ್ನು ಬಲ್ಲವರಾಗಿಯೂ, ಅಲ್ಪವೇತನದಿಂದ ಬೇಸತ್ತು ಕೆಲಸ ನಿಲ್ಲಿಸಿದರು. ಅನೇಕ ನಗರಗಳಿಗೆ ವ್ಯಾಪಿಸಿದ ಆ ಮುಷ್ಕರದ ಫಲವಾಗಿ, ವೇತನವನ್ನೂ ದುಡಿಮೆಯ ಪರಿಸ್ಥಿತಿಯನ್ನೂ ಕುರಿತು ಆಡಳಿತದೊಡನೆ ಸಂಧಾನ ನಡೆಸುವ ಹಕ್ಕು ಅವರ ಸಂಘಗಳಿಗೆ ಲಭಿಸಿತು. ಅದೇ ವರ್ಷಾಂತ್ಯದಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಶಾಸನವೂ ಜನ್ಮತಾಳಿತಾದರೂ, ಅಂಚೆಸೇವೆಗೆ ದಂಡ ವಿಧಿಸುವ ಅಧಿಕಾರ ಅದರ ತನಿಖಾಧಿಕಾರಿಗಳಿಗೆ ದೊರೆತುದು 1998ರಲ್ಲಿ. ಇಷ್ಟು ದೀರ್ಘವಾದ ವಿಳಂಬವನ್ನು ನಾನು ಅನ್ಯಾಯವೆಂದೇ ಎಣಿಸುತ್ತೇನೆ.

ಆ ನಡುವಣ ಕಾಲದಲ್ಲಿ ಕೆಲಸಗಾರನಿಗೆ ಸಂಘದ ಒಪ್ಪಂದದಲ್ಲಿ ಸುರಕ್ಷತೆಯನ್ನು ಕುರಿತ ಹದಿನಾಲ್ಕನೆಯ ವಿಧಿಯೇ ಆಸರೆಯಾಗಿತ್ತು. ಅಪಾಯವನ್ನು ವರದಿಮಾಡುವ, 1767 ಎಂಬ ಸಂಖ್ಯೆಯ ನಮೂನೆ ಇಂದಿಗೂ ಬಳಕೆಯಲ್ಲಿದೆ: ಕಾವಲಿಲ್ಲದ ಯಂತ್ರಪಟ್ಟಿಯನ್ನೋ ಎಣ್ಣೆ ಚೆಲ್ಲಿದ ನೆಲವನ್ನೋ ಕಂಡ ನೌಕರನು, ಸ್ಥಳವನ್ನೂ ಅಪಾಯವನ್ನೂ ತನಗೆ ತೋಚಿದ ಪರಿಹಾರವನ್ನೂ ಅದರಲ್ಲಿ ಬರೆದು ಕೊಟ್ಟರೆ, ಮೇಲ್ವಿಚಾರಕನು ಅದೇ ಪಾಳಿಯಲ್ಲಿ ಪರಿಶೀಲಿಸಿ ತಾನು ಕೈಗೊಂಡ ಕ್ರಮವನ್ನು ಅದೇ ಹಾಳೆಯ ಮೇಲೆ ದಾಖಲಿಸಬೇಕು. ಬಾಯಿಮಾತಿನ ದೂರು ಗಾಳಿಗೆ ಹೋದೀತು. ಬರೆದುದು ಸಾಕ್ಷ್ಯವಾಗಿ ಉಳಿಯುತ್ತದೆ.

ಆದರೆ ಬರೆಯಲು ಅಪಾಯವು ಕಣ್ಣಿಗೆ ಬೀಳಬೇಕಷ್ಟೆ. 2001ರ ಅಕ್ಟೋಬರಿನಲ್ಲಿ ಆಂಥ್ರಾಕ್ಸ್ ರೋಗಾಣುಗಳ ಪುಡಿಯಿದ್ದ ಲಕೋಟೆಗಳು ವಾಷಿಂಗ್ಟನ್ನಿನ ಬ್ರೆಂಟ್‌ವುಡ್ ಅಂಚೆ ಕೇಂದ್ರದ ಯಂತ್ರಗಳಲ್ಲಿ ಅಮುಕಿಸಿಕೊಂಡು ಸಾಗಿದಾಗ, ಅದೃಶ್ಯವಾದ ಆ ವಿಷವು ಗಾಳಿಗೆ ಬೆರೆಯಿತು. ಆ ಲಕೋಟೆಗಳ ಗುರಿಯಾಗಿದ್ದ ಸೆನೆಟ್ ಸದಸ್ಯರ ಕಚೇರಿಗಳನ್ನು ತೆರವುಗೊಳಿಸಿದ ಮೇಲೆಯೂ ಕೆಲವು ದಿನ ಬ್ರೆಂಟ್‌ವುಡ್ಡಿನಲ್ಲಿ ದುಡಿಮೆ ನಡೆದೇ ಇತ್ತು. ಅಲ್ಲಿನ ಇಬ್ಬರು ನೌಕರರು ಅಸುನೀಗಿದರು. ತರುವಾಯ ಪತ್ರ ವಿಂಗಡಿಸುವ ಕೇಂದ್ರಗಳಲ್ಲಿ ಗಾಳಿಯನ್ನು ಪರೀಕ್ಷಿಸುವ ಉಪಕರಣಗಳನ್ನು ಸ್ಥಾಪಿಸಲಾಯಿತು.