ಮೆದುಳು ಸ್ಕ್ಯಾನ್ ಮಾಡಿ ನಾಯಕರನ್ನು ಆರಿಸಬಹುದೇ? ಸೊಲ್ಲಾಪುರ, ಅಕ್ಕಲಕೋಟೆ ಕಲಿಸುವ ಪಾಠ

ಬಸ್ ಡ್ರೈವರ್‌ಗೆ ಕಣ್ಣಿನ ಪರೀಕ್ಷೆ ಇದೆ, ಪೊಲೀಸ್ ಕೆಲಸಕ್ಕೆ ದೈಹಿಕ ಪರೀಕ್ಷೆ ಇದೆ. ಆಳುವವರಿಗೆ ಮಾತ್ರ ಯಾಕಿಲ್ಲ? ಮೆದುಳು ಸ್ಕ್ಯಾನ್ ಮಾಡಿ ಕ್ರೂರಿಗಳನ್ನು ಮೊದಲೇ ಹೊರಗಿಡಬಾರದೇ? ಚುನಾವಣೆ ಬಂದಾಗ ಯುವಕರು ಕೇಳುವ ಈ ಪ್ರಶ್ನೆ ಸರಿಯಾದದ್ದೇ. ಆದರೆ ಉತ್ತರ ಅಷ್ಟು ಸುಲಭವಿಲ್ಲ.

ವಿಜ್ಞಾನ ಹೇಳುವುದೇನು?

ಹಣೆಯ ಹಿಂದಿನ ಮೆದುಳಿನ ಭಾಗ ಸಿಟ್ಟು, ಆತುರಕ್ಕೆ ಕಡಿವಾಣ ಹಾಕುತ್ತದೆ. ಭಯವನ್ನು ಗುರುತಿಸುವಲ್ಲಿ ಅಮಿಗ್ಡಾಲಾ ಎಂಬ ಭಾಗದ ಪಾತ್ರ ದೊಡ್ಡದು. ಇವುಗಳಿಗೆ ಪೆಟ್ಟಾದರೆ ನಡತೆ ಬದಲಾಗಬಹುದು. ಹಾಗಂತ ಸ್ಕ್ಯಾನ್ ನೋಡಿ ಭವಿಷ್ಯ ಹೇಳಲಿಕ್ಕಾಗುವುದಿಲ್ಲ. ಅಮೆರಿಕದ ನರವಿಜ್ಞಾನಿ ಜೇಮ್ಸ್ ಫಾಲನ್ ಅವರಿಗೆ ತಮ್ಮದೇ ಸ್ಕ್ಯಾನ್‌ನಲ್ಲಿ ಮನೋವಿಕೃತರ ಲಕ್ಷಣ ಕಂಡಿತ್ತು. ಆದರೆ ಅವರು ಯಾರನ್ನೂ ಕೊಂದವರಲ್ಲ, ಸಂಸಾರಸ್ಥ ಪ್ರೊಫೆಸರ್!

ಸೊಲ್ಲಾಪುರದ ತಂತಿಬೇಲಿ

ಅಪರಾಧ ಮಾಡುವ ಮೊದಲೇ ಅಪರಾಧಿ ಎಂದು ಗುರುತಿಸುವ ಕೆಲಸ ನಮ್ಮಲ್ಲಿ ಒಮ್ಮೆ ನಡೆದುಹೋಗಿದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ ಬ್ರಿಟಿಷರು ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರೆಂದು ಘೋಷಿಸಿದರು. ಸೊಲ್ಲಾಪುರದಲ್ಲಿ ತಂತಿಬೇಲಿಯೊಳಗೆ ಅವರ ವಸಾಹತು ಇತ್ತು. ಹಾಜರಿ ಕೊಡಬೇಕು, ಗಿರಣಿಯಲ್ಲಿ ದುಡಿಯಬೇಕು. ಕೈಕಾಡಿ, ಪಾರ್ಧಿ ಮುಂತಾದವರ ಜೊತೆ ವಿಜಯಪುರ-ಸೊಲ್ಲಾಪುರ ಭಾಗದ ಮುಸ್ಲಿಮರಾದ ಛಪ್ಪರಬಂದ್ ಜನರಿಗೂ ಈ ಹಣೆಪಟ್ಟಿ ಬಿತ್ತು. 1952ರ ಆಗಸ್ಟ್ 31ರಂದು ದೇಶದಾದ್ಯಂತ ಕಾಯ್ದೆ ರದ್ದಾಯಿತು. ಅನುಮಾನದ ಕಣ್ಣು ಮಾತ್ರ ಇವತ್ತಿಗೂ ಪೂರ್ತಿ ಹೋಗಿಲ್ಲ.

ಪಕ್ಕದ ಅಕ್ಕಲಕೋಟೆ 1948ರವರೆಗೆ ರಾಜಸಂಸ್ಥಾನ. ಅಲ್ಲಿ ಹುಟ್ಟೇ ಒಬ್ಬನನ್ನು ರಾಜನನ್ನಾಗಿ ಮಾಡುತ್ತಿತ್ತು, ಇಲ್ಲಿ ಹುಟ್ಟೇ ಇನ್ನೊಬ್ಬನನ್ನು ಕಳ್ಳನನ್ನಾಗಿ ಮಾಡುತ್ತಿತ್ತು. ಎರಡು ಕಡೆಯೂ ಆತ ಮಾಡಿದ ಕೆಲಸವನ್ನು ಯಾರೂ ಕೇಳಲಿಲ್ಲ.

ಕೋರ್ಟು ಹೇಳಿದ್ದು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸಿ.ಆರ್. ಮುಕುಂದನ್ ಅವರು ಬಿಇಒಎಸ್ ಎಂಬ ಮೆದುಳಿನ ತರಂಗ ಪರೀಕ್ಷೆಯನ್ನು ರೂಪಿಸಿದರು. 2008ರಲ್ಲಿ ಪುಣೆಯ ಕೋರ್ಟೊಂದು ಕೊಲೆ ಪ್ರಕರಣದಲ್ಲಿ ಅದನ್ನು ಸಾಕ್ಷ್ಯವಾಗಿ ಒಪ್ಪಿತು. ಆದರೆ 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ಸರಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮೆದುಳಿನ ಪರೀಕ್ಷೆ ಯಾವುದನ್ನೂ ಒಪ್ಪಿಗೆಯಿಲ್ಲದೆ ಮಾಡಬಾರದು ಎಂದು ಸ್ಪಷ್ಟವಾಗಿ ಹೇಳಿತು. ಆರೋಪಿಗೇ ಈ ರಕ್ಷಣೆ ಇರುವಾಗ ಅಭ್ಯರ್ಥಿಗೆ ಇಲ್ಲವೆನ್ನಲಾದೀತೇ?

ಈಗಿರುವ ಜರಡಿ

ನಾಯಕರಿಗೆ ಪರೀಕ್ಷೆಯೇ ಇಲ್ಲ ಎನ್ನುವುದೂ ತಪ್ಪು.

* ಸಮರ್ಥ ನ್ಯಾಯಾಲಯವು ಅಸ್ವಸ್ಥಚಿತ್ತ ಎಂದು ಘೋಷಿಸಿದವರು ಸಂಸತ್ತು, ವಿಧಾನಸಭೆಯ ಸದಸ್ಯರಾಗುವಂತಿಲ್ಲ (ಸಂವಿಧಾನದ ವಿಧಿ 102, 191).
* 2 ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಸದಸ್ಯತ್ವ ಹೋಗುತ್ತದೆ. 2013ರ ಲಿಲಿ ಥಾಮಸ್ ತೀರ್ಪಿನ ನಂತರ, ಮೇಲ್ಮನವಿ ಹಾಕಿದ ಮಾತ್ರಕ್ಕೆ ಸ್ಥಾನ ಉಳಿಯುವುದಿಲ್ಲ.
* ಬಾಕಿ ಇರುವ ಕ್ರಿಮಿನಲ್ ಕೇಸು, ಆಸ್ತಿ, ಸಾಲದ ವಿವರವನ್ನು ಅಭ್ಯರ್ಥಿ ಅಫಿಡವಿಟ್‌ನಲ್ಲಿ ಕೊಡಲೇಬೇಕು.

ಮೆದುಳಿನ ಚಿತ್ರ ಅನುಮಾನ ಮಾತ್ರ ಹುಟ್ಟಿಸುತ್ತದೆ. ಅಫಿಡವಿಟ್, ಭಾಷಣ, ಅಧಿಕಾರದಲ್ಲಿದ್ದಾಗ ನಡೆದುಕೊಂಡ ರೀತಿ, ಇವು ದಾಖಲೆ. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಅಫಿಡವಿಟ್ ಪುಕ್ಕಟೆ ಸಿಗುತ್ತದೆ. ವೋಟು ಹಾಕುವ ಮೊದಲು ಹತ್ತು ನಿಮಿಷ ಓದಿದರೆ, ಅದೇ ದೊಡ್ಡ ಸ್ಕ್ಯಾನಿಂಗ್.