ಜಾವಾ ಸದ್ದು, ಕಾಲೇಜ್ ಗೇಟು (ನಮ್ಮೂರ ಹಿಸ್ಟರಿ, ಭಾಗ 6)

ಮೊದಲ ಫೋಟೋ ನಮ್ಮ ಉದಯಗಿರಿಯ ಒಂದು ಗ್ಯಾರೇಜು. ಮೂಲೇಲಿ ಧೂಳು ಹಿಡಿದು ನಿಂತಿದ್ಯಲ್ಲ, ಅದು ಜಾವಾ. ಝೂಮ್ ಮಾಡಿ, ಟ್ಯಾಂಕ್ ನೋಡಿ.

ಈ ಬೈಕ್ ಹುಟ್ಟಿದ್ದು ಮೈಸೂರಲ್ಲೇ. 1960ರಲ್ಲಿ ಮಾನಸಗಂಗೋತ್ರಿ ಶುರುವಾಯ್ತು, ಆ ಹೆಸರಿಟ್ಟವರು ಕುವೆಂಪು. ಮರುವರ್ಷ, 1961ರಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕು ಹೊರಬರೋಕೆ ಶುರು. ತಂತ್ರಜ್ಞಾನ ಜೆಕೊಸ್ಲೊವಾಕಿಯಾದ್ದು, ದುಡಿದ ಕೈ ಮೈಸೂರಿನವರದ್ದು. ಒಂದು ವರ್ಷದ ಅಂತರದಲ್ಲಿ ಓದೋ ಜಾಗವೂ ಬಂತು, ಓದೋರು ಶೋಕಿ ಮಾಡೋ ವಸ್ತುವೂ ಬಂತು!

ಅದಕ್ಕೂ ಹಿಂದೆ ಶೋಕಿ ಇರ್ಲಿಲ್ವಾ? ಇತ್ತು. ಜರಿ ಪೇಟ, ಕೋಟು. 1916ರಲ್ಲಿ ಯೂನಿವರ್ಸಿಟಿ ಆದಾಗಲೂ ಒಂದೇ ಬೆಂಚಲ್ಲಿ ಒಳ್ಳೇ ಕೋಟಿನವನೂ ಕೂರ್ತಿದ್ದ, ವಾರಾನ್ನದ ಹುಡುಗನೂ ಕೂರ್ತಿದ್ದ. ವಾರಾನ್ನ ಅಂದ್ರೆ ಸೋಮವಾರ ಒಬ್ಬರ ಮನೇಲಿ ಊಟ, ಮಂಗಳವಾರ ಇನ್ನೊಬ್ಬರ ಮನೇಲಿ. ಅದೂ ಸಿಗ್ತಿದ್ದದ್ದು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ ಮಾತ್ರ. ಉಳಿದವರ ಕಥೆ ಬೇರೆ, ಇನ್ನೊಂದ್ಸಲ ಬರೀತೀನಿ.

ಜಾವಾಗೆ ಬನ್ನಿ. ಅದು ಲೈಸೆನ್ಸ್ ರಾಜ್ ಕಾಲ. ಎಷ್ಟು ಗಾಡಿ ತಯಾರಾಗ್ಬೇಕು ಅನ್ನೋದಕ್ಕೂ ಸರ್ಕಾರದ ಪರ್ಮಿಷನ್. ಸ್ಕೂಟರ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯ್ತಿದ್ರು. ಅಂಥದ್ರಲ್ಲಿ ಕಾಲೇಜ್ ಹುಡುಗನ ಹತ್ರ 250 ಸಿಸಿ ಬೈಕ್ ಇದೆ ಅಂದ್ರೆ ಅವನಪ್ಪನ ಜೇಬು ಎಷ್ಟು ದಪ್ಪ ಅಂತ ಕೇಳ್ಬೇಕಾಗಿರ್ಲಿಲ್ಲ, ಸದ್ದೇ ಹೇಳ್ತಿತ್ತು.

ಗ್ಯಾರೇಜಿನ ಚಾಚಾಗೆ ಈಗ ಎಪ್ಪತ್ತು ದಾಟಿದೆ. ಅವ್ರು ಹೇಳಿದ್ದು: ‘ಬೈಕ್ ಇದ್ದೋನು ಒಬ್ಬ, ಪೆಟ್ರೋಲ್‌ಗೆ ಚಿಲ್ಲರೆ ಹಾಕೋರು ನಾಲ್ಕು ಜನ. ಮಹಾರಾಣಿ ಕಾಲೇಜ್ ಮುಂದೆ ಒಬ್ಬೊಬ್ಬರಿಗೆ ಒಂದೊಂದು ರೌಂಡು.’ ಟೂ ಸ್ಟ್ರೋಕ್ ಗಾಡಿ, ಪೆಟ್ರೋಲ್‌ಗೆ ಆಯಿಲ್ ಬೇರೆ ಬೆರೆಸ್ಬೇಕು. ಆ ಖರ್ಚಿಗೆ ಮಧ್ಯಾಹ್ನದ ತಿಂಡಿ ಬಿಟ್ಟೋರೂ ಇದ್ರಂತೆ. ಅಲ್ಲಾ, ಬೇರೆಯವನ ಬೈಕಲ್ಲಿ ಒಂದು ರೌಂಡಿಗೆ! ನಗು ಬಂತಾ? ಕಥೆ ಇನ್ನೂ ಇದೆ, ತಡೀರಿ.

ಯೂನಿವರ್ಸಿಟಿ ಹುಟ್ಟಿದ 1916ರಲ್ಲೇ ಮೈಸೂರಲ್ಲಿ ಹುಟ್ಟಿದವರು ಎಂ. ಎನ್. ಶ್ರೀನಿವಾಸ್, ಓದಿದ್ದು ಮಹಾರಾಜ ಕಾಲೇಜಲ್ಲಿ. ಕೆಳಗಿನ ಜಾತಿಗಳು ಮೇಲಿನವರ ಆಚಾರ, ಊಟ, ಉಡುಪು ಅನುಸರಿಸಿ ಸ್ಥಾನ ಏರಿಸ್ಕೊಳ್ಳೋಕೆ ನೋಡೋದನ್ನ ಅವ್ರು ‘ಸಂಸ್ಕೃತೀಕರಣ’ ಅಂತ ಕರೆದ್ರು. ಅವ್ರು ಹೇಳಿದ್ದು ಜಾತಿಗಳ ಬಗ್ಗೆ, ಬೈಕ್ ಬಗ್ಗೆ ಅಲ್ಲ. ಆದ್ರೂ ಆ ಪಾಠ ಓದುವಾಗ ನನಗೆ ಕಾಲೇಜ್ ಪಾರ್ಕಿಂಗೇ ನೆನಪಾಗೋದು.

1973ರಿಂದ ಹೆಸರು ಯೆಜ್ಡಿ ಆಯ್ತು. ಆಮೇಲೆ 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು, ಗೇಟ್ ಮುಂದಿನ ಕಣ್ಣುಗಳೆಲ್ಲ ಆ ಕಡೆ ತಿರುಗಿದ್ವು. 1996ರಲ್ಲಿ ನಮ್ಮ ಕಾರ್ಖಾನೆ ಬಾಗಿಲು ಹಾಕ್ತು. ಫೋಟೋದಲ್ಲಿರೋ ಜಾವಾನ ಯಾರೋ ರಿಪೇರಿಗೆ ಬಿಟ್ಟು ಹೋದ್ರಂತೆ, ವಾಪಸ್ ಬರ್ಲೇ ಇಲ್ಲ. ಈಗ ನೋಡಿದ್ರೆ ‘ಎಷ್ಟಾದ್ರೂ ಕೊಡ್ತೀವಿ’ ಅಂತ ಬೆಂಗಳೂರಿಂದ ಫೋನ್ ಬರ್ತವೆ.

ಕೊನೇ ಫೋಟೋದಲ್ಲಿರೋದು ನನ್ನ ಫೋನು. ಕ್ಲಾಸಲ್ಲಿ ಎಲ್ರ ಕೈಲೂ ಇತ್ತು ಅಂತ ಇಎಂಐನಲ್ಲಿ ತಗೊಂಡೆ, ತಿಂಗಳಿಗೆ 2,600. ಕಟ್ತಿರೋದು ಅಮ್ಮಿ. ಅಮ್ಮಿ ಮನೇಲಿ ಬೀಡಿ ಕಟ್ತಾರೆ, ಕೂಲಿ ಸಾವಿರಕ್ಕೆ ಇಷ್ಟು ಅಂತ. ಚಾಚಾ ಮಾತು ಕೇಳಿ ಬಂದ ರಾತ್ರಿ ಲೆಕ್ಕ ಹಾಕಿದೆ: ಒಂದು ಕಂತಿಗೆ ಸುಮಾರು 10,000 ಬೀಡಿ, ಹತ್ತತ್ರ 15 ದಿನದ ಕೆಲಸ. ಈ ಕ್ಯಾಪ್ಷನ್ ಟೈಪ್ ಮಾಡ್ತಿರೋದೂ ಅದೇ ಫೋನಲ್ಲಿ. ಇನ್ನೂ 4 ಕಂತು ಬಾಕಿ.

ಭಾಗ 7ರಲ್ಲಿ ಕಾರ್ಖಾನೆ ಮುಚ್ಚಿದ ದಿನಗಳು. ನಿಮ್ಮನೇಲಿ ಯಾರಾದ್ರೂ ಜಾವಾದಲ್ಲಿ ಕೆಲಸ ಮಾಡಿದ್ರೆ ಮೆಸೇಜ್ ಹಾಕಿ, ಬಂದು ಮಾತಾಡಿಸ್ತೀನಿ. ಸಿಟಿ ಬಸ್ಸಲ್ಲೇ ಬರ್ತೀನಿ.